ಕದ, ಕನ್ನ, ಕಾವಲು

ಆದವಾನಿಯ ದುರ್ಗವನ್ನು ಯಾವ ಸುಲ್ತಾನನು ಯಾವಾಗ ಮುತ್ತಿದನು, ರಾಯದುರ್ಗದ ಗಿರಿಶಿಖರದಲ್ಲಿ ಯಾವ ನಾಯಕನ ಧ್ವಜವು ಹಾರಾಡಿತು, ಮಡಕಶಿರೆಯು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ವಿಷಯಗಳನ್ನು ನಮ್ಮ ಸೀಮೆಯ ಇತಿಹಾಸವನ್ನು ಬರೆದ ವಿದ್ವಾಂಸರು ಶ್ರಮಪಟ್ಟು ಸಂಗ್ರಹಿಸಿಕೊಟ್ಟಿದ್ದಾರೆ. ಕೋಟೆಗಳ ಈ ಚರಿತ್ರೆಗಾಗಿ ನಾವು ಅವರಿಗೆ ಋಣಿಗಳು. ಆದರೆ ಆ ಕೋಟೆಯ ಕೆಳಗಿನ ಪೇಟೆಯಲ್ಲಿ ನಾಲ್ಕು ಚೀಲ ಜೋಳವನ್ನೂ ಒಂದು ಗಂಟು ಬೆಳ್ಳಿಯನ್ನೂ ಇಟ್ಟುಕೊಂಡಿದ್ದ ಗೃಹಸ್ಥನು ಇರುಳಿನಲ್ಲಿ ಕಣ್ಣು ಮುಚ್ಚುತ್ತಿದ್ದುದು ಯಾರ ಧೈರ್ಯದ ಮೇಲೆ ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ರಾಜನಿಗೆ ಶತ್ರುವು ಹತ್ತು ವರ್ಷಕ್ಕೊಮ್ಮೆ ಬಂದರೆ ಗೃಹಸ್ಥನಿಗೆ ಕಳ್ಳನ ಭಯವು ಪ್ರತಿ ಅಮಾವಾಸ್ಯೆಗೂ ಇದ್ದೇ ಇತ್ತು. ಆ ಭಯವನ್ನು ನಮ್ಮ ಹಿರಿಯರು ಹೇಗೆ ಎದುರಿಸಿದರೆಂಬುದನ್ನು ಕಂಡಮಟ್ಟಿಗೆ ಇಲ್ಲಿ ನಿರೂಪಿಸುವೆನು.

ಮೊದಲು ಕಳ್ಳನ ಮಾರ್ಗವನ್ನೇ ವಿಚಾರಿಸೋಣ. ಇಂದು ಕಳ್ಳನೆಂದೊಡನೆ ಬೀಗ ಮುರಿಯುವವನು ನೆನಪಿಗೆ ಬರುತ್ತಾನೆ. ನಮ್ಮ ಪೂರ್ವಿಕರಿಗೆ ಹಾಗಲ್ಲ. ಅವರಿಗೆ ಕಳ್ಳನೆಂದರೆ ಕನ್ನ ಹಾಕುವವನು. ಗೋಡೆಯನ್ನು ಕೊರೆದು ಒಳಹೋಗುವ ರಂಧ್ರಕ್ಕೆ ಕನ್ನವೆಂದು ಹೆಸರು. ಕನ್ನಗತ್ತಿ, ಕನ್ನಗಳವು, ಕನ್ನಗಳ್ಳ ಎಂಬ ಶಬ್ದಗಳ ಒಂದು ಪರಿವಾರವೇ ಕನ್ನಡದಲ್ಲಿ ಬೆಳೆದಿದೆ. ಹನ್ನೆರಡನೆಯ ಶತಮಾನದ ಶರಣರ ಗೋಷ್ಠಿಯಲ್ಲಿ ಕನ್ನದ ಮಾರಿತಂದೆ ಎಂಬ ವಚನಕಾರನೇ ಇದ್ದನು. ಹಿಂದಿನ ವೃತ್ತಿಯನ್ನು ತನ್ನ ಹೆಸರಿನಲ್ಲಿಯೇ ಉಳಿಸಿಕೊಂಡು, ಅದರ ಪರಿಭಾಷೆಯನ್ನೇ ಭಕ್ತಿಯ ಮಾತಿಗೆ ಬಳಸಿದ ಅವನ ದಿಟ್ಟತನವನ್ನು ಮೆಚ್ಚಬೇಕು.

ಕನ್ನದ ವಿದ್ಯೆಯ ಅತ್ಯಂತ ಸ್ವಾರಸ್ಯವಾದ ವರ್ಣನೆಯು ಶೂದ್ರಕನ ಮೃಚ್ಛಕಟಿಕ ನಾಟಕದ ಮೂರನೆಯ ಅಂಕದಲ್ಲಿದೆ. ಶರ್ವಿಲಕನೆಂಬ ಬ್ರಾಹ್ಮಣಚೋರನು ಚಾರುದತ್ತನ ಮನೆಗೆ ಬಂದು, ಗೋಡೆಯ ಯಾವ ಭಾಗವು ಸಡಿಲವಾಗಿದೆಯೆಂದು ತಡಕುತ್ತಾನೆ. ಯಜಮಾನನು ದಿನವೂ ಸೂರ್ಯನಿಗೆ ಅರ್ಘ್ಯ ಕೊಡುವಾಗ ನೀರು ಬಿದ್ದು ನೆನೆದ ಜಾಗವು ಅವನಿಗೆ ಸಿಕ್ಕುತ್ತದೆ. ಅಲ್ಲಿಯೇ ಇಲಿಯು ತೋಡಿದ ಮಣ್ಣೂ ಬಿದ್ದಿರುತ್ತದೆ. ಸುಟ್ಟ ಇಟ್ಟಿಗೆಯಾದರೆ ಎಳೆಯಬೇಕು, ಹಸಿ ಇಟ್ಟಿಗೆಯಾದರೆ ಕಡಿಯಬೇಕು, ಮಣ್ಣಾದರೆ ನೆನೆಸಬೇಕು, ಮರವಾದರೆ ಸೀಳಬೇಕು ಎಂದು ಅವನು ಶಾಸ್ತ್ರ ಹೇಳುತ್ತಾನೆ. ಕನ್ನದ ಆಕಾರವು ಅರಳಿದ ತಾವರೆಯಂತಿರಬೇಕೋ ಪೂರ್ಣಕುಂಭದಂತಿರಬೇಕೋ ಎಂದು ಯೋಚಿಸುತ್ತಾನೆ. ಅಳತೆಯ ದಾರವನ್ನು ಮರೆತುಬಂದುದರಿಂದ ಯಜ್ಞೋಪವೀತದಿಂದಲೇ ಅಳೆಯುತ್ತಾನೆ. ರಂಧ್ರದೊಳಗೆ ತಾನು ತೂರುವ ಮೊದಲು ಒಂದು ಬೊಂಬೆಯನ್ನು ತೂರಿಸಿ ಒಳಗೆ ಎಚ್ಚರವಿದ್ದವರುಂಟೇ ಎಂದು ಪರೀಕ್ಷಿಸುತ್ತಾನೆ. ದೀಪವನ್ನಾರಿಸಲು ಒಂದು ಹುಳುವನ್ನು ಹಾರಿಬಿಡುತ್ತಾನೆ. ಕವಿಯು ನಗಿಸುವುದಕ್ಕಾಗಿ ಬರೆದನೆಂದರೂ ಇದರಲ್ಲಿ ಗೃಹಸ್ಥನು ಕಲಿಯತಕ್ಕ ಅಂಶಗಳು ಬಹಳ ಇವೆ. ಗೋಡೆಯ ಬುಡದಲ್ಲಿ ನೀರು ನಿಲ್ಲಬಾರದು, ಇಲಿಯ ಬಿಲವನ್ನು ಅಲಕ್ಷಿಸಬಾರದು, ದೀಪವಿರುವ ಮನೆಗೆ ಕಳ್ಳನು ಅಂಜುವನು ಎಂಬ ಮೂರು ಸಂಗತಿಗಳಂತೂ ಸ್ಪಷ್ಟ.

ಕಳ್ಳನು ಬಾಗಿಲನ್ನು ಬಿಟ್ಟು ಗೋಡೆಗೆ ಹೋಗಲು ಕಾರಣವೇನು? ಬಾಗಿಲು ಅಷ್ಟು ಭದ್ರವಾಗಿತ್ತು. ನಮ್ಮ ಸೀಮೆಯ ಹಳೆಯ ಮಾಳಿಗೆಮನೆಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಲೆ ತಗ್ಗಿಸದೆ ಒಳಹೋಗಲಾಗದ ಗಿಡ್ಡ ಬಾಗಿಲು. ಅಂಗೈಯಗಲ ದಪ್ಪದ ಕದ. ಅದರ ಹಿಂದೆ ಒಂದು ಗೋಡೆಯ ಬಿಲದಿಂದ ಎಳೆದು ಇನ್ನೊಂದು ಗೋಡೆಯ ಬಿಲಕ್ಕೆ ಸೇರಿಸುವ ಮರದ ದಿಂಡು. ಇದನ್ನು ಕೆಲವರು ಅಗುಳಿಯೆಂದೂ ಕೆಲವರು ಲಾಳವಂಡಿಗೆಯೆಂದೂ ಕರೆಯುತ್ತಾರೆ. ಇದಕ್ಕೆ ಕೀಲಿಕೈ ಇಲ್ಲ, ಹೊರಗಿನಿಂದ ತೆಗೆಯುವ ಉಪಾಯವಿಲ್ಲ. ಕದವನ್ನೇ ಒಡೆಯಬೇಕು, ಒಡೆದರೆ ಓಣಿಯೇ ಎಚ್ಚರಗೊಳ್ಳುವುದು. ಬೀದಿಯ ಕಡೆಗೆ ಕಿಟಕಿಯೇ ಇರುತ್ತಿರಲಿಲ್ಲ. ಬೆಳಕೂ ಹೊಗೆಯೂ ಓಡಾಡುವುದಕ್ಕೆ ಮಾಳಿಗೆಯ ಮೇಲೆ ಗವಾಕ್ಷಿಯೊಂದೇ ದಾರಿ. ಹೊಸಕಾಲದ ಆರೋಗ್ಯಶಾಸ್ತ್ರಜ್ಞರು ಈ ಮನೆಗಳನ್ನು ಕತ್ತಲೆಯ ಗವಿಗಳೆಂದು ಹಳಿದರು. ಅವರ ಮಾತು ವೈದ್ಯದೃಷ್ಟಿಯಿಂದ ಸರಿಯೇ. ಆದರೆ ಕಿಟಕಿಯಿಲ್ಲದಿರುವುದಕ್ಕೆ ಮೌಢ್ಯವು ಕಾರಣವಲ್ಲ, ಭಯವು ಕಾರಣವೆಂಬುದನ್ನು ಅವರು ಗಮನಿಸಲಿಲ್ಲ.

ಎತ್ತುಗಳನ್ನು ಮನೆಯೊಳಗೆ ಕಟ್ಟುವ ಪದ್ಧತಿಯೂ ಇದೇ ಭಯದ ಫಲ. ಬಾಗಿಲು ದಾಟಿದೊಡನೆ ತಗ್ಗಿನಲ್ಲಿ ದನಗಳ ಸ್ಥಾನ, ಅದರ ಮೇಲೆ ಎತ್ತರಿಸಿದ ಪಡಸಾಲೆಯಲ್ಲಿ ಮನುಷ್ಯರ ವಾಸ. ಹೊಸಬನು ಹೆಜ್ಜೆಯಿಟ್ಟರೆ ಎತ್ತು ಬುಸುಗುಟ್ಟಿ ಕೊರಳ ಗಂಟೆಯನ್ನು ಅಲುಗಿಸುವುದು. ವಿದ್ಯುತ್ತಿನ ಎಚ್ಚರಿಕೆಯ ಗಂಟೆಗೆ ಇಂದು ಸಾವಿರಾರು ರೂಪಾಯಿ ತೆರುವ ನಾವು ಈ ಮೂಕಪ್ರಾಣಿಯ ಉಪಕಾರವನ್ನು ಸ್ವಲ್ಪ ನೆನೆಯಬಹುದು. ಧಾನ್ಯದ ವಿಷಯದಲ್ಲಿಯಾದರೋ ಹಗೇವು ಇತ್ತು. ನೆಲದಲ್ಲಿ ಆಳವಾಗಿ ತೋಡಿ, ಹುಲ್ಲು ಹಾಸಿ, ಜೋಳವನ್ನೋ ರಾಗಿಯನ್ನೋ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಅಲ್ಲಿ ಹಗೇವಿದೆಯೆಂದು ತಿಳಿಯುವುದೇ ಕಷ್ಟ. ತಿಳಿದರೂ ಬಾಯಿ ತೆರೆದೊಡನೆ ಇಳಿಯುವಂತಿಲ್ಲ. ಒಳಗಿನ ಕೆಟ್ಟಗಾಳಿಯು ಹೋಗುವತನಕ ಕಾಯದೆ ಇಳಿದವನು ಉಸಿರುಗಟ್ಟಿ ಸಾಯುವನು. ಕಳ್ಳನಿಗಾದರೋ ಕಾಯುವ ಹೊತ್ತೆಲ್ಲಿಯದು? ಹೀಗೆ ಹಗೇವು ಉಗ್ರಾಣವೂ ಹೌದು, ಕಾವಲುಗಾರನೂ ಹೌದು.

ಊರಿನ ಸುತ್ತಲಿನ ರಕ್ಷಣೆಯು ಮನೆಯ ರಕ್ಷಣೆಯ ಹೊರಸುತ್ತು. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಪೂರ್ವಭಾಗದ ಹಳ್ಳಿಗಳಿಗೆ ಮಣ್ಣಿನ ಕೋಟೆಗಳಿದ್ದುದನ್ನು ಕಂಡು ಬರೆದಿಟ್ಟಿದ್ದಾನೆ. ಉತ್ತರದ ಕಡೆಗೆ, ಬಳ್ಳಾರಿ, ರಾಯಚೂರು, ವಿಜಾಪುರ, ಸೊಲ್ಲಾಪುರಗಳ ಬಯಲುಗಳಲ್ಲಿ, ಊರ ನಡುವೆ ಗುಂಡಾದ ಹುಡೇವುಗಳು ನಿಂತವು. ಸವಾರರ ದಂಡು ದೂರದಲ್ಲಿ ಧೂಳೆಬ್ಬಿಸಿದರೆ ಮೇಲಿದ್ದವನು ಕೂಗುವನು, ಹೆಂಗಸರೂ ಮಕ್ಕಳೂ ಒಳಸೇರುವರು. 1817-18ರ ಯುದ್ಧದಲ್ಲಿ ಪಿಂಡಾರಿಗಳು ನಾಶವಾದ ಮೇಲೆ ಈ ಹುಡೇವುಗಳಿಗೆ ಕೆಲಸವಿಲ್ಲದೆ ಹೋಯಿತು. ಇನ್ನು ಬೇಲಿ. ಅಮೇರಿಕೆಯಿಂದ ಬಂದ ಪಾಪಾಸುಕಳ್ಳಿಯು ನಮ್ಮ ಹಳ್ಳಿಗಳ ಸುತ್ತ ಗೋಡೆಯಂತೆ ಹಬ್ಬಿ ಕಳ್ಳನನ್ನು ತಡೆದದ್ದು ನಿಜ. ಅದೇ ಪೊದೆಯಲ್ಲಿ ಕಳ್ಳನೂ ಹಾವೂ ಅಡಗಿಕೊಂಡದ್ದೂ ನಿಜ. 1926ರಲ್ಲಿ ಸಿಂಹಳದಿಂದ ತಂದುಬಿಟ್ಟ ಒಂದು ಬಗೆಯ ಕೀಟವು ಕೆಲವೇ ವರ್ಷಗಳಲ್ಲಿ ಅದನ್ನು ದಕ್ಷಿಣದೇಶದ ಬಹುಭಾಗದಲ್ಲಿ ತಿಂದುಹಾಕಿತು.

ಕದವೂ ಬೇಲಿಯೂ ಎಷ್ಟಿದ್ದರೂ ಮನುಷ್ಯನ ಕಾವಲಿಲ್ಲದೆ ಪ್ರಯೋಜನವಿಲ್ಲವೆಂಬುದನ್ನು ನಮ್ಮ ಹಿರಿಯರು ಚೆನ್ನಾಗಿ ಅರಿತಿದ್ದರು. ಊರಿನ ಆಯಗಾರರಲ್ಲಿ ಗೌಡ, ಶಾನುಭೋಗರೊಡನೆ ತಳವಾರನಿಗೂ ಸ್ಥಾನವಿತ್ತು. ಶಾಸನಗಳಲ್ಲಿ ತಳಾರನೆಂದು ಕಾಣಿಸಿಕೊಳ್ಳುವವನು ಇವನೇ. ನಮ್ಮ ನೆರೆಯ ತೆಲುಗರು ಇವನನ್ನು ತಲಾರಿ ಎನ್ನುತ್ತಾರೆ. ಬೆಳೆ ಬಂದಾಗ ಕಣದಲ್ಲಿ ಇವನಿಗೊಂದು ಪಾಲು, ಅಲ್ಲದೆ ಒಂದಿಷ್ಟು ಮಾನ್ಯದ ಭೂಮಿ. ರಾತ್ರಿ ಊರು ಸುತ್ತುವುದು, ಬಂದ ಪರಸ್ಥಳದವರನ್ನು ವಿಚಾರಿಸುವುದು, ಕಳವಾದರೆ ಹೆಜ್ಜೆಯ ಜಾಡು ಹಿಡಿಯುವುದು ಇವನ ಕೆಲಸ. ಕಳ್ಳರೊಡನೆ ಕಾದಿ ಮಡಿದವರಿಗಾಗಿ ನಿಲ್ಲಿಸಿದ ವೀರಗಲ್ಲುಗಳು ಕನ್ನಡನಾಡಿನಲ್ಲಿ ಹೇರಳವಾಗಿ ದೊರೆತಿವೆ.

ಇಲ್ಲಿ ಒಂದು ಮುಖ್ಯವಾದ ಅಂಶವಿದೆ. ಕಳ್ಳನು ಸಿಕ್ಕದಿದ್ದರೆ ಕಳೆದುಕೊಂಡವನ ಗತಿಯೇನು? ಇದಕ್ಕೆ ಉತ್ತರವನ್ನು ಕೊಟ್ಟಿರುವವರು ಕನ್ನಡನಾಡಿನಲ್ಲಿಯೇ ಕುಳಿತು ಬರೆದ ಧರ್ಮಶಾಸ್ತ್ರಜ್ಞರು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (1076–1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ದಾಯಭಾಗದ ವಿಷಯದಲ್ಲಿ ಅದು ಭರತಖಂಡದ ಬಹುಭಾಗದಲ್ಲಿ ಪ್ರಮಾಣವಾದುದನ್ನು ಎಲ್ಲರೂ ಬಲ್ಲರು. ಕಳವಿನ ಪ್ರಕರಣವನ್ನು ಓದಿದವರು ಕಡಿಮೆ. ಆ ಸ್ಮೃತಿಯ ಪ್ರಕಾರ, ಕಳ್ಳನ ಹೆಜ್ಜೆಯು ಊರಿನಿಂದ ಹೊರಹೋದುದು ಕಾಣದಿದ್ದರೆ ದೋಷವು ಗ್ರಾಮಾಧಿಪತಿಯದು. ಗೋಮಾಳದಲ್ಲಿ ಕಳವಾದರೆ ಅದರ ಅಧಿಕಾರಿಯದು. ಊರಿನ ಎಲ್ಲೆಯೊಳಗೆ ಕಳವಾದರೆ ಆ ಊರೇ ಕಟ್ಟಿಕೊಡಬೇಕು. ಹೆಜ್ಜೆಯು ಬೇರೊಂದು ಊರನ್ನು ಹೊಕ್ಕರೆ ಆ ಊರಿನವರು ಕೊಡಬೇಕು. ಊರುಗಳಿಂದ ಕ್ರೋಶಕ್ಕೂ ಹೊರಗೆ ನಡೆದರೆ ಸುತ್ತಲಿನ ಐದು ಅಥವಾ ಹತ್ತು ಊರುಗಳು ಸೇರಿ ಹೊಣೆ ಹೊರಬೇಕು. ಅಂದರೆ ಒಬ್ಬನ ಮನೆಯ ಕಳವು ಒಬ್ಬನ ನಷ್ಟವಲ್ಲ, ಊರಿನ ಸಾಲ. ಜಾಡನ್ನು ತನ್ನ ಎಲ್ಲೆಯಿಂದ ಹೊರಗೆ ತೋರಿಸಿಕೊಡಲು ಪ್ರತಿಯೊಂದು ಊರೂ ತಾನಾಗಿಯೇ ಹವಣಿಸುವಂತೆ ಮಾಡಿದ ಈ ಏರ್ಪಾಡಿನ ಜಾಣ್ಮೆಯು ಅಸಾಧಾರಣವಾದುದು.

ವಿಜಯನಗರದ ಅರಸರೂ ಇದೇ ತತ್ತ್ವವನ್ನು ಹಿಡಿದರು. 1443ರಲ್ಲಿ ಅಲ್ಲಿಗೆ ಬಂದಿದ್ದ ಪಾರಸೀಕ ರಾಯಭಾರಿ ಅಬ್ದುರ್ ರಜಾಕನು ಟಂಕಸಾಲೆಯ ಎದುರಿಗಿದ್ದ ಕೊತ್ತವಾಲನ ಕಚೇರಿಯನ್ನೂ ಅದರ 12,000 ಮಂದಿ ಕಾವಲುಭಟರನ್ನೂ ವರ್ಣಿಸಿದ್ದಾನೆ. ಸುಮಾರು 1535ರಲ್ಲಿ ಬರೆದ ಪೋರ್ತುಗೀಸ ನೂನಿಜನು, ರಾಜಧಾನಿಯಲ್ಲಾದ ಕಳವುಗಳಿಗೆ ಅಲ್ಲಿಯ ದಂಡಾಧಿಕಾರಿಯೇ ಲೆಕ್ಕ ಕೊಡಬೇಕಾಗಿತ್ತೆಂದೂ, ಪ್ರಾಂತದಲ್ಲಾದ ಕಳವಿಗೆ ಆ ಪ್ರಾಂತದ ನಾಯಕನ ಆಸ್ತಿಯೇ ಹೊಣೆಯೆಂದೂ, ಆದಕಾರಣ ಕಳ್ಳರು ಬಹು ವಿರಳವೆಂದೂ ಹೇಳುತ್ತಾನೆ. ಕಳ್ಳನು ಊರಿನಲ್ಲಿರುವನೋ ಇಲ್ಲವೋ ಎಂಬುದನ್ನು ಮಂತ್ರವಾದಿಗಳ ಮೂಲಕ ಪತ್ತೆಮಾಡುತ್ತಿದ್ದರೆಂದೂ ಅವನು ಸೇರಿಸಿದ್ದಾನೆ. ಮಂತ್ರದ ಶಕ್ತಿಯೆಷ್ಟೋ ನಾನರಿಯೆ. ಆಸ್ತಿ ಹೋಗುವ ಭಯದ ಶಕ್ತಿಯನ್ನು ಮಾತ್ರ ನಂಬಬಹುದು.

ವಿಜಯನಗರವು ಬಿದ್ದ ಮೇಲೆ ಈ ತತ್ತ್ವವು ಕೆಟ್ಟಿತು. ಪಾಳೆಯಗಾರರು ಕಾವಲಿ ಎಂಬ ಹೆಸರಿನಲ್ಲಿ ಊರೂರಿನಿಂದ ಹಣವನ್ನೂ ಧಾನ್ಯವನ್ನೂ ಎತ್ತತೊಡಗಿದರು. ಕಳವಾದರೆ ತಾವು ತುಂಬಿಕೊಡಬೇಕೆಂಬುದು ಮಾತಿನಲ್ಲುಳಿಯಿತು. ಕಾವಲಿಯನ್ನು ಕೊಡದ ಊರಿಗೆ ಅವರ ಆಳುಗಳೇ ರಾತ್ರಿ ನುಗ್ಗುವುದೂ ಉಂಟಾಯಿತು. ರಕ್ಷಣೆಗೆ ಕೊಡುವ ಹಣ ಯಾವುದು, ರಕ್ಷಕನಿಂದ ಬಿಡುಗಡೆಗೆ ಕೊಡುವ ಹಣ ಯಾವುದು ಎಂಬ ಭೇದವೇ ಅಳಿಸಿಹೋಯಿತು. ಬೇಲಿಯೇ ಹೊಲವನ್ನು ಮೇದಂತೆ ಎಂಬ ಗಾದೆಯ ಅರ್ಥವನ್ನು ನಮ್ಮ ಸೀಮೆಯ ರೈತನು ಆ ಕಾಲದಲ್ಲಿ ಅನುಭವಿಸಿದಷ್ಟು ಇನ್ನಾವಾಗಲೂ ಅನುಭವಿಸಿರಲಾರನು.

1800ರಲ್ಲಿ ನಿಜಾಮನು ಬಳ್ಳಾರಿ, ಅನಂತಪುರ, ಕಡಪೆಗಳ ಸೀಮೆಯನ್ನು ಕುಂಪಣಿಗೆ ಒಪ್ಪಿಸಿದನು. ದತ್ತಮಂಡಲವೆಂಬ ಹೆಸರು ಬಂದುದು ಹೀಗೆ. ಥಾಮಸ್ ಮನ್ರೋ 1807ರವರೆಗೆ ಇಲ್ಲಿಯ ಮುಖ್ಯ ಕಲೆಕ್ಟರನಾಗಿದ್ದನು. ಆಗ ಇಲ್ಲಿದ್ದ ಪಾಳೆಯಗಾರರು ಸುಮಾರು 80 ಮಂದಿ. ಅವರನ್ನು ಅಡಗಿಸಿದ ಮೇಲೆ ಊರುಗಳನ್ನು ಕಾಯುವವರು ಯಾರೆಂಬ ಪ್ರಶ್ನೆ ಎದ್ದಿತು. 1802ರಲ್ಲಿ ಮದರಾಸು ಸರಕಾರವು ಬಂಗಾಳದ ಮಾದರಿಯಲ್ಲಿ ದರೋಗರನ್ನು ನೇಮಿಸುವ ಕಾನೂನು ಮಾಡಿತು. ಊರನ್ನರಿಯದ, ಊರು ಅರಿಯದ ಸಂಬಳದ ನೌಕರನಿಂದ ಕಳ್ಳನು ಸಿಕ್ಕುವನೇ? ಆ ಪದ್ಧತಿಯು ಫಲಿಸಲಿಲ್ಲ. ಮನ್ರೋ 1814ರಲ್ಲಿ ವಿಚಾರಣಾ ಆಯೋಗದ ಮುಖ್ಯಸ್ಥನಾಗಿ ಮರಳಿ ಬಂದು ಪರಿಶೀಲಿಸಿದ ಮೇಲೆ, 1816ರ ಹನ್ನೊಂದನೆಯ ರೆಗ್ಯುಲೇಷನ್ನಿನಿಂದ ಊರಿನ ಕಾವಲು ತಿರುಗಿ ಗ್ರಾಮದ ಮುಖ್ಯಸ್ಥನಿಗೂ ತಲಾರಿಗೂ ಸೇರಿತು. ಪರದೇಶದ ಅಧಿಕಾರಿಯಾದರೂ ಹಳೆಯ ಗ್ರಾಮವ್ಯವಸ್ಥೆಯ ಬೆಲೆಯನ್ನು ಅರಿತವನೆಂದು ಅವನನ್ನು ನೆನೆಯುವುದು ನ್ಯಾಯ. ಅವನು 1827ರ ಜುಲೈ 6ರಂದು ವಾಂತಿಭೇದಿಯಿಂದ ತೀರಿಕೊಂಡದ್ದೂ ನಮ್ಮ ಸೀಮೆಯ ಪತ್ತಿಕೊಂಡದಲ್ಲಿಯೇ.

ಆದರೆ ಮರಳಿ ಬಂದ ತಲಾರಿಯು ಹಿಂದಿನ ತಲಾರಿಯಾಗಿರಲಿಲ್ಲ. ಸುತ್ತುವ ಕೆಲಸವೂ ಸುದ್ದಿ ತಿಳಿಸುವ ಕೆಲಸವೂ ಅವನಿಗೆ ಉಳಿದವು. ನಷ್ಟವನ್ನು ತುಂಬುವ ಹೊಣೆಯು ಕ್ರಮೇಣ ಮಾಯವಾಯಿತು. 1859ರ ಮದರಾಸು ಪೊಲೀಸ್ ಕಾನೂನಿನಿಂದ ಠಾಣೆಗಳೂ ಸಮವಸ್ತ್ರದ ಜವಾನರೂ ಬಂದರು. ಕಳ್ಳನಿಗೆ ಸೆರೆಮನೆ ತಪ್ಪದು, ಕಳೆದುಕೊಂಡವನಿಗೆ ಪರಿಹಾರ ದೊರೆಯದು ಎಂಬ ಹೊಸ ನ್ಯಾಯವು ಸ್ಥಿರವಾಯಿತು. ಮನೆಯ ಭದ್ರತೆಯು ಊರಿನ ಕೈಬಿಟ್ಟು ಯಜಮಾನನ ತಲೆಗೆ ಬಂದ ಕಾಲವನ್ನು ಇಲ್ಲಿಂದ ಎಣಿಸಬೇಕೆಂದು ನನ್ನ ಅಭಿಪ್ರಾಯ. ಇಂದು ನಾವು ಎಷ್ಟು ಬೀಗಗಳನ್ನು ಕೊಂಡರೂ ತೀರದ ಆತಂಕದ ಬೇರು ಇರುವುದು ಆ ಬದಲಾವಣೆಯಲ್ಲಿ.

ಇದೇ ಕಾಲದ ಇನ್ನೊಂದು ಕಾನೂನನ್ನು ಹೇಳದೆ ಬಿಟ್ಟರೆ ಇತಿಹಾಸಕ್ಕೆ ಅಪಚಾರವಾದೀತು. 1871ರಲ್ಲಿ ಹುಟ್ಟಿ 1911ರಲ್ಲಿ ಮದರಾಸು ಪ್ರಾಂತಕ್ಕೂ ಹಬ್ಬಿದ ಅಪರಾಧಿ ಬುಡಕಟ್ಟುಗಳ ಕಾನೂನು ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿಮಾಡಿತು. ಮಧುರೆಯ ಕಡೆ ತಲತಲಾಂತರದಿಂದ ಊರ ಕಾವಲನ್ನು ನಡೆಸಿಕೊಂಡು ಬಂದಿದ್ದ ಪಿರಮಲೈ ಕಳ್ಳರ್ ಸಮುದಾಯದವರೂ ಈ ಪಟ್ಟಿಯಲ್ಲಿ ಸೇರಿದರು. ಕಾವಲನ್ನು ಕಸಿದುಕೊಂಡು ಕಳ್ಳನೆಂಬ ಹೆಸರನ್ನು ಕೊಟ್ಟಂತಾಯಿತು. ಮುಂಬಯಿ ಪ್ರಾಂತದಲ್ಲಿ ಸೊಲ್ಲಾಪುರ, ಹುಬ್ಬಳ್ಳಿ, ವಿಜಾಪುರಗಳಲ್ಲಿ ಇಂಥವರನ್ನು ಕೂಡಿಹಾಕುವ ವಸತಿಗಳು ಎದ್ದವು. 1952ರ ಆಗಸ್ಟ್ ತಿಂಗಳಲ್ಲಿ ಈ ಕಾನೂನು ರದ್ದಾಯಿತು. ಆದರೂ ಊರಿನಲ್ಲಿ ಕಳವಾದರೆ ಹೊರಗಿನ ಗುಡಾರದವರ ಕಡೆಗೆ ಬೆರಳು ತೋರಿಸುವ ಚಾಳಿಯು ರದ್ದಾಗಲಿಲ್ಲ. ಹಾಗೆ ತೋರಿಸಿದ ಬೆರಳಿನಿಂದ ನಿಜವಾದ ಕಳ್ಳನು ತಪ್ಪಿಸಿಕೊಳ್ಳುತ್ತಾನೆಂಬುದನ್ನಾದರೂ ನಾವು ಯೋಚಿಸಬೇಡವೇ?

1860ರಲ್ಲಿ ರಚಿತವಾಗಿ 1862ರ ಜನವರಿ 1ರಿಂದ ಜಾರಿಗೆ ಬಂದ ಭಾರತ ದಂಡಸಂಹಿತೆಯು ಮನೆಮುರಿಯುವ ಅಪರಾಧಕ್ಕೆ 445ನೆಯ ಕಲಮಿನಲ್ಲಿ ಲಕ್ಷಣ ಹೇಳಿತು. ಅದಕ್ಕೆ ಕೊಟ್ಟ ಮೊದಲನೆಯ ಉದಾಹರಣೆಯೇ ಗೋಡೆಗೆ ಕನ್ನ ಹಾಕಿ ಕೈ ತೂರಿಸುವುದು! ಬಾಗಿಲಿನ ಸಂದಿಯಲ್ಲಿ ತಂತಿ ತೂರಿಸಿ ಚಿಲಕವೆತ್ತುವುದು, ಯಜಮಾನನು ಕಳೆದುಕೊಂಡ ಬೀಗದಕೈ ಸಿಕ್ಕಿದಾಗ ಅದರಿಂದ ಬಾಗಿಲು ತೆರೆಯುವುದು ಮೊದಲಾದವು ಮುಂದೆ ಬರುತ್ತವೆ. ಶರ್ವಿಲಕನು ಓದಿದ್ದರೆ ತನ್ನ ಶಾಸ್ತ್ರಕ್ಕೆ ರಾಜಮನ್ನಣೆ ದೊರೆಯಿತೆಂದು ಹಿಗ್ಗುತ್ತಿದ್ದನೇನೋ. ಸೂರ್ಯಾಸ್ತದ ಮೇಲೆ ಸೂರ್ಯೋದಯದ ಒಳಗೆ ಹೀಗೆ ಕದಿಯಲು ನುಗ್ಗಿದರೆ 14 ವರ್ಷದವರೆಗೆ ಶಿಕ್ಷೆಯಿತ್ತು. 2024ರ ಜುಲೈ 1ರಿಂದ ಈ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನ್ಯಾಯಸಂಹಿತೆಯು ಬಂದಿದೆ.

ಇನ್ನು ಬೀಗದ ಮಾತು. ಹಳಗನ್ನಡದಲ್ಲಿ ಬೀಯಗವೆಂದಿದ್ದುದು ಬೀಗವಾಯಿತು. ಮೈಸೂರಿನ ಕಡೆಯವರು ಬೀಗ ಹಾಕಿದರೆ ಧಾರವಾಡ, ಸೊಲ್ಲಾಪುರಗಳವರು ಕೀಲಿ ಹಾಕುತ್ತಾರೆ. ನಮ್ಮ ನೆರೆಯ ತೆಲುಗರದು ತಾಳ, ಮರಾಠಿಗರದು ಅರಬ್ಬೀ ಮೂಲದ ಕುಲೂಪ. ಗಡಿಯಲ್ಲಿ ಬಾಳುವವನಿಗೆ ಒಂದೇ ಬಾಗಿಲಿಗೆ ಮೂರು ಭಾಷೆಯ ಬೀಗ! ಕೀಲಿರಂಧ್ರವನ್ನೇ ಮರೆಮಾಡಿದ, ಎರಡು ಮೂರು ಕೈಗಳನ್ನು ಕ್ರಮವಾಗಿ ತಿರುಗಿಸಬೇಕಾದ ಹಿತ್ತಾಳೆಯ ಬೀಗಗಳನ್ನು ನಮ್ಮ ಕುಶಲಕರ್ಮಿಗಳು ಮಾಡುತ್ತಿದ್ದರು. ಪಾಶ್ಚಾತ್ಯರಲ್ಲಿ ಈ ವಿದ್ಯೆಯು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಚುರುಕಾಯಿತು. 1784ರಲ್ಲಿ ಜೋಸೆಫ್ ಬ್ರಾಮಾ ಒಂದು ಬೀಗಕ್ಕೆ ಹಕ್ಕು ಪಡೆದನು. ಅವನ ಕಂಪೆನಿಯು ಅದನ್ನು ಲಂಡನ್ನಿನ ಅಂಗಡಿಯ ಗಾಜಿನ ಹಿಂದೆ ತೂಗುಹಾಕಿ, ಕೈಯಿಲ್ಲದೆ ತೆರೆದವರಿಗೆ 200 ಗಿನಿ ಬಹುಮಾನವೆಂದು ಸಾರಿತು. 1851ರ ಮಹಾಪ್ರದರ್ಶನದ ಕಾಲದಲ್ಲಿ ಹಾಬ್ಸ್ ಎಂಬ ಅಮೇರಿಕದವನು ಒಟ್ಟು 51 ಗಂಟೆಗಳ ಕಾಲ ಹೆಣಗಿ ಅದನ್ನು ತೆರೆದೇ ಬಿಟ್ಟನು. ಆಂಗ್ಲರು ತಲೆತಗ್ಗಿಸಿದರು. ಆದರೆ 51 ಗಂಟೆಗಳ ಬಿಡುವು ಯಾವ ಕಳ್ಳನಿಗುಂಟು? ತೆರೆಯಲಾರದ ಬೀಗವಿಲ್ಲ, ಬೆಳಗಾಗುವುದರೊಳಗೆ ತೆರೆಯಲಾರದ ಬೀಗವಿದ್ದರೆ ಸಾಕು. ಅಮೇರಿಕೆಯ ಲೈನಸ್ ಯೇಲ್ 1861 ಮತ್ತು 1865ರಲ್ಲಿ ಹಕ್ಕು ಪಡೆದ, ಸಣ್ಣ ಸಣ್ಣ ಮೊಳೆಗಳ ಸಾಲನ್ನು ಹಲ್ಲಿನ ಕೈಯು ಸರಿಯಾದ ಎತ್ತರಕ್ಕೆ ಎತ್ತಿದರೆ ಮಾತ್ರ ತಿರುಗುವ ಬೀಗವೇ ಇಂದು ನಮ್ಮ ಬಾಗಿಲುಗಳಲ್ಲಿಯೂ ಇರುವುದು. ಮೊಳೆಯಿಂದ ತಡೆಯುವ ಈ ಉಪಾಯವನ್ನು ಪ್ರಾಚೀನ ಈಜಿಪ್ಟಿನವರು ಮರದಲ್ಲಿ ಸಾಧಿಸಿದ್ದರು. ನಮ್ಮ ದೇಶದಲ್ಲಿ ಅಲೀಗಢವೂ ತಮಿಳುನಾಡಿನ ದಿಂಡಿಗಲ್ಲೂ ಬೀಗಕ್ಕೆ ಹೆಸರಾದವು. 1897ರಲ್ಲಿ ಆರ್ದೇಶಿರ್ ಗೋದ್ರೇಜ್ ಮುಂಬಯಿಯಲ್ಲಿ ಬೀಗದ ಕೈಗಾರಿಕೆಯನ್ನು ಆರಂಭಿಸಿದನು.

ಹೊಸ ಬೀಗವು ಉತ್ತಮವಾದುದು, ಸಂದೇಹವಿಲ್ಲ. ಆದರೆ ಅಗುಳಿಗೂ ಅದಕ್ಕೂ ಇರುವ ಒಂದು ಅಂತರವನ್ನು ಗೃಹಸ್ಥರು ಗಮನಿಸಬೇಕು. ಅಗುಳಿಯು ಒಳಗಿನಿಂದ ಬೀಳುವುದು. ಅದು ಬಿದ್ದಿದ್ದರೆ ಒಳಗೆ ಜನರಿದ್ದಾರೆಂದೇ ಅರ್ಥ. ತೂಗುಬೀಗವು ಹೊರಗಿನಿಂದ ಬೀಳುವುದು. ಒಳಗೆ ಯಾರೂ ಇಲ್ಲವೆಂದು ಅದು ಬೀದಿಗೆಲ್ಲ ಸಾರುವುದು. ಅವಿಭಕ್ತ ಕುಟುಂಬಗಳ ಕಾಲದಲ್ಲಿ ಮನೆಯೆಂಬುದು ಬರಿದಾಗುತ್ತಲೇ ಇರಲಿಲ್ಲ. ಮುದುಕರೊಬ್ಬರಾದರೂ ಜಗಲಿಯ ಮೇಲೆ ಕೆಮ್ಮುತ್ತ ಕುಳಿತಿರುತ್ತಿದ್ದರು. ಆ ಕೆಮ್ಮೇ ಓಣಿಯ ಕಾವಲು. ಇಂದು ಮಕ್ಕಳು ಬೆಂಗಳೂರಿನಲ್ಲಿ, ಮುದುಕರು ಮಕ್ಕಳೊಡನೆ, ಮನೆಗೆ ಬೀಗ. ಊರಿನ ಮುನಸಬು ಕರಣಿಕರ ಉದ್ಯೋಗಗಳೂ ಆಂಧ್ರದಲ್ಲಿ 1984ರಲ್ಲಿ ರದ್ದಾದವು. ಆದುದರಿಂದ ಊರಿಗೆ ಹೋಗುವವರು ಹೊರಗೆ ದೊಡ್ಡ ಬೀಗವನ್ನು ತೂಗಹಾಕುವುದಕ್ಕಿಂತ ಕದದೊಳಗೇ ಅಡಗಿದ ಬೀಗವನ್ನು ಜೋಡಿಸುವುದು, ಸಂಜೆ ಒಂದು ದೀಪವಾದರೂ ಉರಿಯುವಂತೆ ನೆರೆಯವರಿಗೆ ಹೇಳಿಹೋಗುವುದು, ಬಾಗಿಲ ಮುಂದೆ ಕಸ ಬೆಳೆಯದಂತೆ ಗುಡಿಸಿ ರಂಗೋಲಿ ಬಿಡಿಸುವ ಏರ್ಪಾಡು ಮಾಡುವುದು ಮೇಲು. ಬೀಗದಕೈಯನ್ನು ಬಾಗಿಲ ಮೇಲಿನ ಗೂಡಿನಲ್ಲಿಡುವ ಅಭ್ಯಾಸವನ್ನು ಬಿಟ್ಟರೆ ಇನ್ನೂ ಮೇಲು, ಏಕೆಂದರೆ ಆ ಗೂಡು ಊರಿಗೇ ಗೊತ್ತು. ಬೀಗ ಹಾಕಿದ ಮನೆಗಳ ವಿಷಯವನ್ನು ಮುಂಚಿತವಾಗಿ ತಿಳಿಸಿದರೆ ಅಲ್ಲಿ ಕ್ಯಾಮರಾ ಇಟ್ಟು ಕಾಯುವ ಏರ್ಪಾಡನ್ನು ಆಂಧ್ರಪ್ರದೇಶದ ಪೊಲೀಸರು ಕಳೆದ ದಶಕದಲ್ಲಿ ಆರಂಭಿಸಿದರು. ಪರಸ್ಥಳದವರ ಮೇಲೆ ಕಣ್ಣಿಡುತ್ತಿದ್ದ ತಲಾರಿಯ ಕೆಲಸವನ್ನು ಯಂತ್ರಕ್ಕೆ ಕೊಟ್ಟಂತೆ.

ಬಂಗಾರವು ಕೊಪ್ಪರಿಗೆಯಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಬ್ಯಾಂಕಿನ ಲಾಕರಿಗೆ ಸರಿದಿದೆ. ಅಲ್ಲಿಯೂ ವಿಜ್ಞಾನೇಶ್ವರನ ಕಾಲದ ಪ್ರಶ್ನೆಯೇ ಬಹುಕಾಲ ಉತ್ತರವಿಲ್ಲದೆ ನಿಂತಿತ್ತು: ಬಾಡಿಗೆ ತೆಗೆದುಕೊಂಡ ಕಾವಲುಗಾರನು ಕಳವಿಗೆ ಹೊಣೆಯೇ, ಅಲ್ಲವೇ? 2021ರ ಆಗಸ್ಟಿನಲ್ಲಿ ಭಾರತೀಯ ರಿಜರ್ವ್ ಬ್ಯಾಂಕು ಹೊರಡಿಸಿ 2022ರ ಜನವರಿ 1ರಿಂದ ಜಾರಿಗೆ ತಂದ ನಿಯಮದಂತೆ, ಬೆಂಕಿ, ಕಳವು, ದರೋಡೆ ಅಥವಾ ನೌಕರರ ಮೋಸದಿಂದ ಲಾಕರಿನ ವಸ್ತು ನಷ್ಟವಾದರೆ ಬ್ಯಾಂಕು ವಾರ್ಷಿಕ ಬಾಡಿಗೆಯ 100 ಪಟ್ಟನ್ನು ಕೊಡಬೇಕು. ವರ್ಷಕ್ಕೆ 2,000 ರೂಪಾಯಿ ಬಾಡಿಗೆಯಿದ್ದರೆ ಎರಡು ಲಕ್ಷ ಬರುವುದು. ಒಳಗಿಟ್ಟ ಒಡವೆಯು ಅದಕ್ಕಿಂತ ಹೆಚ್ಚು ಬಾಳುವುದಾದರೆ ಉಳಿದುದಕ್ಕೆ ವಿಮೆಯನ್ನು ಬೇರೆಯಾಗಿಯೇ ಮಾಡಿಸಿಕೊಳ್ಳಬೇಕು.